‘ನಾನೇ ಕೋರೆಷ’: ಟ್ರೂಮನ್ ಮಾತು, ಯೆಶಾಯ 45, ಇಸ್ರಾಯೇಲ್ಯರ ಏಕದೇವತಾವಾದದ ಹುಟ್ಟು

ತಾಳೆಗರಿ (ಪ್ರಶ್ನೆ)

ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ವರ್ಷ, ಅಂದರೆ 1953ರ ನವೆಂಬರಿನಲ್ಲಿ, ಹ್ಯಾರಿ ಟ್ರೂಮನ್ ನ್ಯೂಯಾರ್ಕಿನ ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿಗೆ ಹೋಗಿದ್ದರು. ಜೊತೆಗಿದ್ದ ಹಳೆಯ ಗೆಳೆಯ ಎಡ್ಡಿ ಜೇಕಬ್‌ಸನ್ ಅಲ್ಲಿದ್ದವರಿಗೆ ‘ಇಸ್ರೇಲ್ ಹುಟ್ಟಲು ನೆರವಾದವರು’ ಎಂದು ಪರಿಚಯಿಸಿದಾಗ ಟ್ರೂಮನ್ ತಟ್ಟನೆ, ನೆರವಾದವನು ಅಂದರೇನು, ನಾನೇ ಕೋರೆಷ ಎಂದರಂತೆ. 2018ರಲ್ಲಿ ಜೆರುಸಲೇಮಿನ ಒಂದು ಧಾರ್ಮಿಕ ಸಂಸ್ಥೆ ಡೊನಾಲ್ಡ್ ಟ್ರಂಪ್ ಮುಖವನ್ನು ಕೋರೆಷನ ಮುಖದ ಜೊತೆ ಒಂದೇ ನಾಣ್ಯದ ಮೇಲೆ ಅಚ್ಚು ಹಾಕಿಸಿತು.

ಕೋರೆಷ (ಇಂಗ್ಲಿಷಿನ ಸೈರಸ್) ಪರ್ಷಿಯದ ದೊರೆ, ಬಾಬೆಲಿನ ಸೆರೆಯಿಂದ ಯೆಹೂದ್ಯರನ್ನು ಬಿಟ್ಟವನು ಎಂಬಷ್ಟು ಗೊತ್ತು. ತಿಳಿಯಬೇಕಾದದ್ದು ಮೂರು. ಬೇರೆ ದೇವರನ್ನು ಪೂಜಿಸುವ ದೊರೆಯನ್ನು ಹೀಬ್ರೂ ಪ್ರವಾದಿಯೊಬ್ಬ ‘ಮೆಸ್ಸೀಯ’ ಎಂದು ಕರೆದದ್ದು ಹೇಗೆ? ಆ ಮಾತಿಗೂ ‘ದೇವರು ಒಬ್ಬನೇ’ ಎಂಬ ನಂಬಿಕೆಗೂ ಸಂಬಂಧ ಉಂಟೆಂದು ಓದಿದೆ, ಏನದು? ಏಕದೇವತಾವಾದ ಮೋಶೆಯ ಕಾಲದಿಂದಲೇ ಇತ್ತೆನ್ನುವವರಿದ್ದಾರೆ, ಈಜಿಪ್ಟಿನ ಅಖೆನಾತೆನ್‌ನಿಂದ ಬಂತೆನ್ನುವವರಿದ್ದಾರೆ, ಸೆರೆವಾಸದ ನಂತರದ್ದು ಎನ್ನುವವರೂ ಇದ್ದಾರೆ. ಯಾವುದಕ್ಕೆ ಗಟ್ಟಿ ಆಧಾರ ಇದೆ? ಬೈಬಲಿನ ಅಧ್ಯಾಯ ಸಂಖ್ಯೆ, ಶಾಸನಗಳ ಹೆಸರು ಕೊಟ್ಟರೆ ಎದುರಿಗಿಟ್ಟುಕೊಂಡು ಓದುತ್ತೇನೆ.

ಕಲ್ಲಚ್ಚು

ಎರಡನೆಯ ಪ್ರಶ್ನೆಯಿಂದ ಶುರು ಮಾಡುವುದು ಒಳ್ಳೆಯದು. ಅದು ಬಿಡಿಸಿಕೊಂಡರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಓದುವ ಮೊದಲು ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಿ. ‘ದೇವರುಗಳು ಹಲವರಿದ್ದಾರೆ, ನಾವು ಪೂಜಿಸಬೇಕಾದವನು ಒಬ್ಬನೇ’ ಎಂಬುದು ಒಂದು. ‘ಇರುವುದೇ ಒಬ್ಬ ದೇವರು, ಮಿಕ್ಕವರೆಲ್ಲ ಮರ, ಕಲ್ಲು’ ಎಂಬುದು ಇನ್ನೊಂದು. ಮೊದಲನೆಯದನ್ನು ಏಕದೇವೋಪಾಸನೆ ಎನ್ನೋಣ, ಎರಡನೆಯದನ್ನು ಏಕದೇವತಾವಾದ. ಈ ವಿಷಯದ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೆರಡನ್ನು ಕಲಸಿದ್ದರಿಂದ ಹುಟ್ಟಿದವು. ಹತ್ತು ಆಜ್ಞೆಗಳ ಮೊದಲನೆಯದನ್ನೇ ನೋಡಿ (ವಿಮೋಚನಕಾಂಡ 20:3): ನಾನಲ್ಲದೆ ನಿಮಗೆ ಬೇರೆ ದೇವರುಗಳು ಇರಬಾರದು. ಬೇರೆ ದೇವರುಗಳು ಇಲ್ಲ ಎಂದು ಆ ವಾಕ್ಯ ಹೇಳುವುದಿಲ್ಲ, ನಿಮಗೆ ಇರಬಾರದು ಎನ್ನುತ್ತದೆ. ಹೆಂಡತಿಗೆ ಗಂಡ ಒಬ್ಬನೇ ಎಂದರೆ ಊರಲ್ಲಿ ಬೇರೆ ಗಂಡಸರೇ ಇಲ್ಲವೆಂದಲ್ಲ. ಪ್ರವಾದಿ ಹೋಶೇಯ ಬಳಸುವುದೂ ದಾಂಪತ್ಯದ ಈ ಹೋಲಿಕೆಯನ್ನೇ.

ಇನ್ನು ಆಧಾರಗಳು. ಬೈಬಲಿನ ಹೊರಗೆ ಇಸ್ರಾಯೇಲ್ ಎಂಬ ಹೆಸರು ಮೊದಲು ಸಿಗುವುದು ಈಜಿಪ್ಟಿನ ಮೆರ್ನೆಪ್ತಾ ದೊರೆಯ ಕಲ್ಲಿನಲ್ಲಿ, ಸುಮಾರು ಕ್ರಿ.ಪೂ. 1208. ಫ್ಲಿಂಡರ್ಸ್ ಪೆಟ್ರಿ ಅದನ್ನು 1896ರಲ್ಲಿ ಥೀಬ್ಸ್‌ನಲ್ಲಿ ಅಗೆದು ತೆಗೆದರು. ಇಸ್ರಾಯೇಲ್ ಹಾಳಾಯಿತು, ಅದರ ಬೀಜ ಉಳಿದಿಲ್ಲ ಎಂದು ಅಲ್ಲಿದೆ. ಪಕ್ಕದ ಊರುಗಳ ಹೆಸರಿಗೆ ನಾಡಿನ ಗುರುತು ಹಾಕಿದ ಲಿಪಿಕಾರ ಈ ಹೆಸರಿಗೆ ಜನರ ಗುರುತು ಹಾಕಿದ್ದಾನೆ. ಅಂದರೆ ಆಗ ಇವರು ಒಂದು ಜನ, ರಾಜ್ಯವಲ್ಲ. ಆ ಜನದ ಹೆಸರಲ್ಲೇ ‘ಏಲ್’ ಇದೆ, ಬೈಬಲಿನಲ್ಲಿ ಅವರ ದೇವರಾದ ಯೆಹೋವನ ಹೆಸರಿಲ್ಲ.

ಈ ಏಲ್ ಯಾರು? ಸಿರಿಯದ ಕಡಲ ದಂಡೆಯಲ್ಲಿ ಉಗಾರಿತ್ ಎಂಬ ಪಟ್ಟಣವಿತ್ತು. ಈಗ ಅದು ರಾಸ್ ಶಮ್ರಾ. 1929ರಿಂದ ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಏಲ್ ದೇವಸಭೆಯ ಹಿರಿಯ, ಅಥಿರತ್ ಅವನ ಹೆಂಡತಿ, ಅವಳಿಗೆ 70 ಮಕ್ಕಳು. ಮೋಡವನ್ನೇರಿ ಬರುವ ಬಾಳ್ ಮಳೆಯ ದೇವರು. ಕೀರ್ತನೆ 68ರಲ್ಲಿ ಮೋಡವೇರಿ ಬರುವವನು ಯೆಹೋವ. ಉಗಾರಿತ್‌ನಲ್ಲಿ ಬಾಳ್ ಸುರುಳಿ ಹಾವು ಲಿತನ್‌ನನ್ನು ಕೊಲ್ಲುತ್ತಾನೆ. ಯೆಶಾಯ 27:1ರಲ್ಲಿ ಯೆಹೋವ ಲಿವ್ಯಾತಾನ್ ಎಂಬ ಹಾವನ್ನು ಕೊಲ್ಲುವಾಗ ಹಾವಿಗೆ ಹಚ್ಚಿದ ವಿಶೇಷಣಗಳು ಹೆಚ್ಚುಕಡಿಮೆ ಅವೇ ಪದಗಳು. ಬೇರೆ ಊರಿಂದ ಕದ್ದು ತಂದದ್ದೆಂದು ಇದನ್ನು ಓದಬೇಡಿ. ಇಬ್ಬರೂ ಒಂದೇ ನುಡಿ ಮನೆತನದವರು, ಹಾಡುವ ಮಟ್ಟು ಒಂದೇ.

ಈಗ ಬೈಬಲನ್ನು ಧರ್ಮೋಪದೇಶಕಾಂಡ 32:8-9ಕ್ಕೆ ತೆರೆಯಿರಿ. ಪರಾತ್ಪರನು ಜನಾಂಗಗಳಿಗೆ ನಾಡು ಹಂಚಿದಾಗ ಗಡಿಗಳನ್ನು ಯಾರ ಲೆಕ್ಕಕ್ಕೆ ತಕ್ಕಂತೆ ಹಾಕಿದ? ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ‘ಇಸ್ರಾಯೇಲನ ಮಕ್ಕಳ ಲೆಕ್ಕಕ್ಕೆ’. ಆದರೆ ಮೃತ ಸಮುದ್ರದ ದಂಡೆಯ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ಸಿಕ್ಕ ಸುರುಳಿಯ ಚೂರಿನಲ್ಲಿ ‘ದೇವರ ಮಕ್ಕಳ ಲೆಕ್ಕಕ್ಕೆ’ ಎಂದಿದೆ. ಗ್ರೀಕ್ ಅನುವಾದದ ಪ್ರತಿಗಳಲ್ಲಿ ‘ದೇವದೂತರ’ ಎಂದಿದೆ, ಅದೂ ಇದೇ ದಿಕ್ಕು. ಹಳೆಯ ಪಾಠ ಹಿಡಿದು ಓದಿದರೆ ಅರ್ಥ ಹೀಗೆ: ಒಬ್ಬೊಬ್ಬ ದೇವಪುತ್ರನಿಗೆ ಒಂದೊಂದು ಜನಾಂಗ, ಯೆಹೋವನ ಪಾಲಿಗೆ ಬಂದದ್ದು ಯಾಕೋಬನ ಜನ. ನಂತರದ ಲಿಪಿಕಾರರಿಗೆ ಇದು ಮುಜುಗರ ತಂದಿತು, ತಿದ್ದಿದರು. ಯಾವ ಪಾಠ ಹಳೆಯದು ಎಂದು ಗೊತ್ತುಮಾಡಲು ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರಿಂದ ಯಾವುದಕ್ಕೆ ತಿದ್ದಲು ಕಾರಣವಿತ್ತು?

ನೆರೆಯ ಮೋವಾಬ್ ರಾಜ್ಯದ ಮೇಷ ದೊರೆಯ ಕಲ್ಲನ್ನೂ ಬಿಡಬೇಡಿ. ಸುಮಾರು ಕ್ರಿ.ಪೂ. 840ರದು, 1868ರಲ್ಲಿ ದೀಬಾನ್‌ನಲ್ಲಿ ಕಂಡದ್ದು, ಈಗ ಲೂವ್ರ್‌ನಲ್ಲಿದೆ. ಸಿಕ್ಕ ಮರುವರ್ಷವೇ ಒಡೆದು ಚೂರಾಯಿತು. ಒಡೆಯುವ ಮೊದಲು ಒದ್ದೆ ಕಾಗದ ಒತ್ತಿ ತೆಗೆದ ಅಚ್ಚು ಇದ್ದುದರಿಂದ ಪಾಠ ಉಳಿಯಿತು. ನಮ್ಮ ದೇವರು ಕೆಮೋಷ ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ, ಅದಕ್ಕೇ ಇಸ್ರಾಯೇಲ್ ನಮ್ಮನ್ನು ತುಳಿಯಿತು ಎಂದು ಮೇಷ ಬರೆಸಿದ್ದಾನೆ. ಆಮೇಲೆ ನೆಬೋ ಊರನ್ನು ಹಿಡಿದು, 7000 ಜನರನ್ನು ಕೊಂದು, ಯೆಹೋವನ ಪಾತ್ರೆಗಳನ್ನು ಕೆಮೋಷನ ಮುಂದೆ ಎಳೆದು ತಂದನಂತೆ. ದೇವರ ಹೆಸರು ತೆಗೆದರೆ ನ್ಯಾಯಸ್ಥಾಪಕರು ಪುಸ್ತಕದ ಒಂದು ಪುಟದಂತಿದೆ. ಸೋಲು ನಮ್ಮ ದೇವರ ಸಿಟ್ಟಿನಿಂದ, ಗೆಲುವು ಅವನ ಕೃಪೆಯಿಂದ ಎಂಬ ತರ್ಕ ಎರಡೂ ಕಡೆಗೆ ಒಂದೇ. ಇದೇ ಮೇಷನ ಕಥೆ 2 ಅರಸುಗಳು 3:27ರಲ್ಲಿದೆ. ಕೋಟೆಯ ಮೇಲೆ ಅವನು ಮಗನನ್ನು ಬಲಿ ಕೊಟ್ಟಾಗ ಇಸ್ರಾಯೇಲ್ಯರ ಮೇಲೆ ಮಹಾಕೋಪ ಎರಗಿತು, ಅವರು ಹಿಂದೆ ಸರಿದರು ಎಂದಿದೆ. ಯಾರ ಕೋಪ ಎಂದು ಬರೆದವನು ಹೇಳಿಲ್ಲ. ಆ ಮೌನ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ಹೀಬ್ರೂ_ಓದು

ಕಲ್ಲಚ್ಚು ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ, ಒಂದು ಎಚ್ಚರಿಕೆ.

ಸೇರ್ಪಡೆ: ಯೆಹೋವ ಮೊದಲಿಗೆ ಕಾನಾನ್ ನಾಡಿನ ದೇವರೇ ಅಲ್ಲ ಎಂಬುದಕ್ಕೆ ಬೈಬಲಿನ ಹಳೆಯ ಹಾಡುಗಳೇ ಸಾಕ್ಷಿ. ನ್ಯಾಯಸ್ಥಾಪಕರು 5:4, ಧರ್ಮೋಪದೇಶಕಾಂಡ 33:2, ಹಬಕ್ಕೂಕ 3:3 ಮೂರನ್ನೂ ಪಕ್ಕಪಕ್ಕ ಇಡಿ. ಅವನು ಹೊರಟು ಬರುವುದು ಸೇಯೀರ್, ಎದೋಮ್, ಪಾರಾನ್, ತೇಮಾನ್ ಕಡೆಯಿಂದ. ಎಲ್ಲವೂ ತೆಂಕಣ ಮರುಭೂಮಿ. ಈಜಿಪ್ಟಿನ ತೆಂಕಣಕ್ಕಿರುವ ನ್ಯೂಬಿಯಾದ ಸೋಲೆಬ್‌ನಲ್ಲಿ ಈಜಿಪ್ಟಿನ ದೊರೆ ಮೂರನೆಯ ಅಮೆನ್‌ಹೋಟೆಪ್ ಕಟ್ಟಿಸಿದ ಗುಡಿಯ ಊರಪಟ್ಟಿಯಲ್ಲಿ ‘ಯ್‌ಹ್‌ವ್, ಶಾಸುಗಳ ನಾಡು’ ಎಂದಿದೆ. ಶಾಸು ಅಂದರೆ ಅಲೆಮಾರಿ ಕುರಿಗಾಹಿಗಳು. ಅಲ್ಲಿ ಅದು ಜಾಗದ ಹೆಸರು, ದೇವರ ಹೆಸರೆಂದು ನೇರವಾಗಿ ಹೇಳಲಾಗದು, ಆದರೂ ದಿಕ್ಕು ಹೊಂದುತ್ತದೆ. ತೆಂಕಣದಿಂದ ಬಂದ ಯೆಹೋವನೂ ಬೆಟ್ಟನಾಡಿನ ಏಲ್‌ನೂ ಮುಂದೆ ಒಬ್ಬನೇ ಆದರು. ವಿಮೋಚನಕಾಂಡ 6:3 ಅದನ್ನು ಬಾಯಿಬಿಟ್ಟು ಹೇಳುತ್ತದೆ: ಪೂರ್ವಜರಿಗೆ ಏಲ್ ಶದ್ದೈ ಎಂದು ಕಾಣಿಸಿಕೊಂಡೆ, ಯೆಹೋವ ಎಂಬ ಹೆಸರಿನಿಂದ ಅವರಿಗೆ ಗೊತ್ತಿರಲಿಲ್ಲ. ಏಲ್ ಮೇಲೆ ಬೈಬಲಿನಲ್ಲಿ ಎಲ್ಲೂ ದಾಳಿ ಇಲ್ಲ, ಬಾಳ್ ಮೇಲೆ ಪುಟಗಟ್ಟಲೆ ಇದೆ. ಏಕೆಂದರೆ ಒಬ್ಬನು ಕರಗಿಹೋದ, ಇನ್ನೊಬ್ಬ ಎದುರಾಳಿಯಾಗಿ ಉಳಿದ.

ಏಲ್ ಜೊತೆಗೆ ಅವನ ಹೆಂಡತಿ ಅಥಿರತ್‌ಳೂ (ಹೀಬ್ರೂವಿನಲ್ಲಿ ಅಶೇರಾ) ಬಂದಳೇ? ಎಚ್ಚರಿಕೆ ಇರುವುದು ಇಲ್ಲೇ. ಸಿನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ ಜೆಏವ್ ಮೆಶೆಲ್ 1975-76ರಲ್ಲಿ ಅಗೆದಾಗ ಸುಮಾರು ಕ್ರಿ.ಪೂ. 800ರ ದೊಡ್ಡ ವಾಡೆಗಳು ಸಿಕ್ಕವು. ಅವುಗಳ ಮೇಲೆ ‘ಸಮಾರ್ಯದ ಯೆಹೋವನೂ ಅವನ ಅಶೇರಾಳೂ ನಿನ್ನನ್ನು ಹರಸಲಿ’ ಎಂಬಂಥ ಬರಹ. ಇನ್ನೊಂದರಲ್ಲಿ ‘ತೇಮಾನಿನ ಯೆಹೋವ’. ಹೆಬ್ರೋನ್ ಬಳಿಯ ಖಿರ್ಬೆತ್ ಎಲ್-ಕೋಮ್ ಸಮಾಧಿಯಲ್ಲೂ ಇದೇ ಜೋಡಿ. ‘ದೇವರಿಗೆ ಹೆಂಡತಿ ಇದ್ದಳು’ ಎಂದು ಎಲ್ಲೆಡೆ ಬರೆಯುವುದು ಇದನ್ನು ನೋಡಿಯೇ. ಆದರೆ ಹೀಬ್ರೂ ವ್ಯಾಕರಣದಲ್ಲಿ ವ್ಯಕ್ತಿಯ ಅಂಕಿತನಾಮಕ್ಕೆ ‘ಅವನ’ ಎಂಬ ಪ್ರತ್ಯಯ ಸಾಮಾನ್ಯವಾಗಿ ಹತ್ತುವುದಿಲ್ಲ. ಆದ್ದರಿಂದ ಇಲ್ಲಿನ ಅಶೇರಾ ದೇವಿಯ ಹೆಸರಲ್ಲ, ಗುಡಿಯಲ್ಲಿ ನೆಡುತ್ತಿದ್ದ ಮರದ ಕಂಬ ಎನ್ನುವವರ ವಾದ ಹಗುರವಲ್ಲ. ನನ್ನ ಅಭಿಪ್ರಾಯ ಇಷ್ಟು: ಕಂಬವೇ ಆದರೂ ಅದು ಒಂದು ಕಾಲಕ್ಕೆ ಒಬ್ಬ ದೇವಿಯ ಗುರುತಾಗಿತ್ತು, ಹರಸುವ ಶಕ್ತಿ ಅದಕ್ಕೆ ಇದೆಯೆಂದು ಬರೆದವರು ನಂಬಿದ್ದರು. ವಾಡೆಯ ಮೇಲಿನ ಎರಡು ಆಕೃತಿಗಳನ್ನು ಯೆಹೋವ ದಂಪತಿ ಎಂದು ತೋರಿಸುವ ಚಿತ್ರಗಳನ್ನು ಮಾತ್ರ ನಂಬಬೇಡಿ. ಅವು ಈಜಿಪ್ಟಿನ ಬೆಸ್ ದೇವತೆಯ ರೂಪದವು, ಬರಹವೂ ಚಿತ್ರವೂ ಒಂದೇ ಕೈಯವು ಎಂಬುದಕ್ಕೆ ಆಧಾರವಿಲ್ಲ.

1611ರ ಇಂಗ್ಲಿಷ್ ಬೈಬಲಿನಿಂದ ಹುಟ್ಟಿದ ಗೊಂದಲವೂ ಒಂದಿದೆ. ಅದರಲ್ಲಿ ಅಶೇರಾ ಬಂದಲ್ಲೆಲ್ಲ ‘ತೋಪು’ ಎಂಬ ಪದ ಹಾಕಿದ್ದಾರೆ, ಹಳೆಯ ಗ್ರೀಕ್ ಅನುವಾದವನ್ನು ಅನುಸರಿಸಿ. ಅದನ್ನು ಹಿಡಿದು ಓದಿದರೆ 2 ಅರಸುಗಳು 23:6ರಲ್ಲಿ ಯೆಹೂದದ, ಅಂದರೆ ಜೆರುಸಲೇಮ್ ರಾಜಧಾನಿಯಾಗಿದ್ದ ತೆಂಕಣ ರಾಜ್ಯದ, ದೊರೆ ಯೋಷೀಯ ಯೆಹೋವನ ಗುಡಿಯೊಳಗಿಂದ ತೋಪನ್ನು ಹೊರಗೆ ಸಾಗಿಸಿ ಸುಟ್ಟ ಎಂದಾಗುತ್ತದೆ! ಸುಟ್ಟದ್ದು ಅಶೇರಾಳ ಮರದ ಗುರುತನ್ನು. ಅದು ಇದ್ದದ್ದು ಜೆರುಸಲೇಮಿನ ಗುಡಿಯೊಳಗೇ, ಕ್ರಿ.ಪೂ. 622ರ ತನಕವೂ. ಅದೇ ಅಧ್ಯಾಯವನ್ನು ಪೂರ್ತಿ ಓದಿ, ಗುಡಿಯ ಆವರಣದಿಂದ ಏನೇನು ಹೊರಬಿತ್ತೆಂಬ ಪಟ್ಟಿ ನೋಡಿ: ಸೂರ್ಯನಿಗೆ ಬಿಟ್ಟ ಕುದುರೆಗಳು, ರಥಗಳು, ಆಕಾಶದ ನಕ್ಷತ್ರಗಣಕ್ಕೆ ಮಾಡಿಸಿದ ಪಾತ್ರೆಗಳು.

ಗುಡಿ ಎಂದರೆ ಜೆರುಸಲೇಮ್ ಒಂದೇ ಅಲ್ಲ. ನೆಗೆವಿನ ಅರಾದ್ ಕೋಟೆಯೊಳಗೆ ಯೆಹೂದ ಸೈನಿಕರ ಒಂದು ಚಿಕ್ಕ ಗುಡಿ ಸಿಕ್ಕಿದೆ. ಗರ್ಭಗುಡಿಯ ಬಾಗಿಲಲ್ಲಿ ಸುಣ್ಣಕಲ್ಲಿನ ಎರಡು ಧೂಪಪೀಠಗಳು. ಅವುಗಳ ಮೇಲಿನ ಕರಿಯ ಪದರವನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡದರ ಮೇಲೆ ಪ್ರಾಣಿಕೊಬ್ಬಿನ ಜೊತೆ ಸಾಂಬ್ರಾಣಿ, ಚಿಕ್ಕದರ ಮೇಲೆ ಸಗಣಿಯ ಜೊತೆ ಗಾಂಜಾ. ಸಾಂಬ್ರಾಣಿ ಘಮ ಬಿಡಲು ಹೆಚ್ಚು ಕಾವು ಬೇಕು, ಕೊಬ್ಬು ಅದನ್ನು ಕೊಡುತ್ತದೆ. ಗಾಂಜಾಕ್ಕೆ ಮಂದ ಕಾವು ಸಾಕು, ಸಗಣಿ ಹಾಗೆ ಉರಿಯುತ್ತದೆ. ಕಸುಬು ಬಲ್ಲ ಅರ್ಚಕರು. ಆ ಪೀಠಗಳನ್ನು ಕೊನೆಗೆ ಯಾರೋ ಮಲಗಿಸಿ ಮಣ್ಣು ಮುಚ್ಚಿದ್ದಾರೆ. ಯೋಷೀಯನಿಗೂ ಹಿಂದಿನ ದೊರೆ ಹಿಜ್ಕೀಯನ ಸುಧಾರಣೆಯೋ ಯೋಷೀಯನದೋ ಶತ್ರು ಬರುವ ಭಯವೋ ಎಂಬ ಚರ್ಚೆ ಮುಗಿದಿಲ್ಲ.

ಜನ ಈ ಸುಧಾರಣೆಗಳನ್ನು ಸುಮ್ಮನೆ ಒಪ್ಪಲಿಲ್ಲ ಎಂಬುದಕ್ಕೆ ಯೆರೆಮೀಯ 44 ಓದಿ. ಈಜಿಪ್ಟಿಗೆ ಓಡಿಹೋದ ಯೆಹೂದ್ಯರು ಪ್ರವಾದಿಗೆ ಎದುರಾಡುತ್ತಾರೆ: ಗಗನದ ಒಡತಿಗೆ ಧೂಪ ಹಾಕುತ್ತಿದ್ದಾಗ ನಮಗೆ ಹೊಟ್ಟೆತುಂಬ ಊಟವಿತ್ತು, ಅದನ್ನು ನಿಲ್ಲಿಸಿದ ಮೇಲೆ ಕತ್ತಿ, ಬರ ಎರಡೂ ಬಂದವು. ಸೋತವರ ವಾದವನ್ನು ಇಷ್ಟು ನಿಚ್ಚಳವಾಗಿ ಉಳಿಸಿಕೊಂಡ ಭಾಗ ಬೈಬಲಿನಲ್ಲಿ ಅಪರೂಪ.

ಮಣ್ಣಹಲಗೆ

ಯೋಷೀಯನಿಂದ ಕೋರೆಷನವರೆಗಿನ ಎಂಬತ್ತು ಚಿಲ್ಲರೆ ವರ್ಷಗಳೇ ಇಡೀ ವಿಷಯದ ಕೀಲು. ಅದನ್ನು ಬಿಡಿಸುತ್ತೇನೆ.

ಯೋಷೀಯನಿಗೂ ಸ್ವಲ್ಪ ಮೊದಲಿನಿಂದ ನೋಡೋಣ, ಯೆಹೂದ ಆಗ ಅಸ್ಸೀರಿಯದ ಅಧೀನ. ಎಸರ್‌ಹದ್ದೋನ್ ದೊರೆ ಕಪ್ಪ ಕೊಡುವ ಅರಸರ ಪಟ್ಟಿಯಲ್ಲಿ ಯೆಹೂದದ ಮನಸ್ಸೆಯ ಹೆಸರನ್ನೂ ಬರೆಸಿದ್ದಾನೆ. ಇದೇ ದೊರೆ ಕ್ರಿ.ಪೂ. 672ರಲ್ಲಿ ತನ್ನ ಮಗ ಅಶ್ಶುರ್‌ಬಾನಿಪಾಲನಿಗೆ ನಿಷ್ಠರಾಗಿರುವಂತೆ ಅಧೀನರಿಂದ ಪ್ರಮಾಣ ಮಾಡಿಸಿದ. ಅದರ ಪ್ರತಿಗಳು 1955ರಲ್ಲಿ ನಿಮ್ರೂದ್‌ನಲ್ಲಿ ಸಿಕ್ಕವು, 2009ರಲ್ಲಿ ತುರ್ಕಿಯ ತೆಲ್ ತಾಯಿನಾತ್‌ನಲ್ಲಿ ಮತ್ತೊಂದು. ಅಣ್ಣ, ತಮ್ಮ, ಮಗ, ಮಗಳು ಯಾರೇ ದ್ರೋಹದ ಮಾತಾಡಿದರೂ ಮುಚ್ಚಿಡಬೇಡಿ, ಅವನನ್ನು ಪ್ರಾಣದಂತೆ ಪ್ರೀತಿಸಿ ಎಂದಿದೆ. ತಪ್ಪಿದರೆ ಆಕಾಶ ಕಂಚಾಗಿ ಮಳೆ ಬಾರದು, ನೆಲ ಕಬ್ಬಿಣವಾದೀತು. ಈಗ ಧರ್ಮೋಪದೇಶಕಾಂಡ 13ನ್ನೂ 28:23ನ್ನೂ ಓದಿ. ಬೇರೆ ದೇವರ ಕಡೆಗೆ ಎಳೆಯುವವನು ತಮ್ಮನಾದರೂ, ಮಗ ಮಗಳಾದರೂ, ಹೆಂಡತಿಯಾದರೂ ಕನಿಕರಿಸಬೇಡ. ನಿನ್ನ ತಲೆಯ ಮೇಲಿನ ಆಕಾಶ ತಾಮ್ರ, ಕಾಲ ಕೆಳಗಿನ ನೆಲ ಕಬ್ಬಿಣ. ಚಕ್ರವರ್ತಿ ಕೇಳಿದ ನಿಷ್ಠೆಯ ಕರಾರನ್ನು ಎತ್ತಿ ಯೆಹೋವನಿಗೆ ಸಲ್ಲಿಸಿದ್ದಾರೆ! ‘ನಿನ್ನ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು’ ಎಂಬ ಮಾತಿನ ‘ಪ್ರೀತಿ’ಯಲ್ಲಿ ಈ ರಾಜಕೀಯ ನಿಷ್ಠೆಯ ಅರ್ಥವೂ ತುಂಬಿದೆ. ಇಷ್ಟಾದರೂ ಇದು ಏಕದೇವೋಪಾಸನೆಯೇ. ಒಬ್ಬ ದೊರೆಗೆ ನಿಷ್ಠನಾಗಿರು ಎಂದರೆ ಬೇರೆ ದೊರೆಗಳು ಇಲ್ಲವೆಂದಲ್ಲ.

ಕ್ರಿ.ಪೂ. 586ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ಜೆರುಸಲೇಮಿನ ಗುಡಿಯನ್ನು ಸುಟ್ಟ, ಜನರನ್ನು ಸೆರೆಯೊಯ್ದ. ಹಳೆಯ ಲೆಕ್ಕದಲ್ಲಿ ಇದಕ್ಕೆ ಉತ್ತರ ಸುಲಭ: ಬಾಬೆಲಿನ ದೇವರು ಮರ್ದುಕ್ ಗೆದ್ದ, ಯೆಹೋವ ಸೋತ. ಸೋತ ದೇವರನ್ನು ಬಿಟ್ಟು ಗೆದ್ದವನನ್ನು ಹಿಡಿಯುವುದು ಲೋಕದ ರೂಢಿ. ಸೆರೆಯವರು ಹಾಗೆ ಮಾಡದಿರಬೇಕಾದರೆ ಉಳಿದ ದಾರಿ ಒಂದೇ. ನಮ್ಮನ್ನು ಸೋಲಿಸಿದವನೂ ನಮ್ಮ ದೇವರ ಕೈಯ ಕೋಲು ಎನ್ನಬೇಕು. ಹಾಗೆಂದ ಮೇಲೆ ಬಾಬೆಲಿನ ದೊರೆಯನ್ನು ಆಡಿಸುವುದು ಮರ್ದುಕ್ ಅಲ್ಲ ಎಂದಾಯಿತು, ಮರ್ದುಕನಿಗೆ ಕೆಲಸವೇ ಉಳಿಯಲಿಲ್ಲ. ಕೆಲಸವಿಲ್ಲದ ದೇವರು ಇದ್ದಾನೆ ಎಂದು ಯಾಕೆ ಹೇಳಬೇಕು?

ಈ ಕೊನೆಯ ಹೆಜ್ಜೆ ಇಟ್ಟವನು ಹೆಸರು ಉಳಿಯದ ಒಬ್ಬ ಪ್ರವಾದಿ. ಅವನ ಹಾಡುಗಳು ಯೆಶಾಯನ ಪುಸ್ತಕದ 40ರಿಂದ 55ನೇ ಅಧ್ಯಾಯದವರೆಗೆ ಇವೆ. ಕಾಲ ಸುಮಾರು ಕ್ರಿ.ಪೂ. 540ರ ಆಸುಪಾಸು, ಕೋರೆಷ ಬಾಬೆಲಿನತ್ತ ಬರುತ್ತಿದ್ದ ಹೊತ್ತು. ‘ನಾನೇ ಮೊದಲನೆಯವನು, ನಾನೇ ಕಡೆಯವನು, ನನ್ನ ಹೊರತು ದೇವರೇ ಇಲ್ಲ’ (44:6). ಅದೇ ಅಧ್ಯಾಯದಲ್ಲಿ ಬಡಗಿ ಮರದ ಅರ್ಧವನ್ನು ಉರಿಸಿ ರೊಟ್ಟಿ ಸುಡುತ್ತಾನೆ, ಉಳಿದರ್ಧವನ್ನು ದೇವರು ಮಾಡಿ ಅಡ್ಡಬೀಳುತ್ತಾನೆ. 46ರಲ್ಲಿ ಬೇಲ್, ನೆಬೋ ಎಂಬ ಬಾಬೆಲಿನ ದೇವರುಗಳು ದಣಿದ ಪಶುಗಳ ಬೆನ್ನಿಗೆ ಹೊರೆಯಾಗುತ್ತಾರೆ. ‘ನಾನಲ್ಲದೆ ಬೇರೆ ದೇವರು ಬೇಡ’ ಎಂಬಲ್ಲಿಂದ ‘ಬೇರೆ ದೇವರು ಇಲ್ಲ’ ಎಂಬಲ್ಲಿಗೆ ಬಂದದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕೋರೆಷನ ಹೆಸರು ಬರುವುದೂ ಇದೇ ಉಸಿರಿನಲ್ಲಿ, 44:28 ಮತ್ತು 45:1. ‘ಮೆಸ್ಸೀಯ’ ಅಂದರೆ ಎಣ್ಣೆ ಹಚ್ಚಿ ಅಭಿಷೇಕ ಮಾಡಿಸಿಕೊಂಡವನು. ಆಗ ಅದು ಅರಸನಿಗೋ ಮಹಾಯಾಜಕನಿಗೋ ಸಲ್ಲುತ್ತಿದ್ದ ಪದ, ಲೋಕದ ಕೊನೆಗೆ ಬರುವ ರಕ್ಷಕ ಎಂಬ ಅರ್ಥ ಆಮೇಲಿನದು. ದಾವೀದನ ವಂಶದವನಿಗೆ ಮೀಸಲಾಗಿದ್ದ ಪದವನ್ನು ಪರದೇಶಿಗೆ ಕೊಡಬೇಕಾದರೆ ಆ ಪರದೇಶಿಯ ಮೇಲೂ ಅಧಿಕಾರ ನಡೆಸುವ ದೇವರು ಒಬ್ಬನೇ ಇರಬೇಕು. 45:1ರ ಅಭಿಷಿಕ್ತ ಕೋರೆಷ, 45:5ರ ‘ನನ್ನ ಹೊರತು ಯಾವನೂ ದೇವರಲ್ಲ’ ಇವೆರಡರ ನಡುವೆ ಮೂರೇ ವಚನಗಳ ಅಂತರ. ಒಂದು ಇಲ್ಲದೆ ಇನ್ನೊಂದು ನಿಲ್ಲದು. ನಿಮ್ಮ ಮೊದಲನೆಯ ಪ್ರಶ್ನೆಗೂ ಎರಡನೆಯದಕ್ಕೂ ಉತ್ತರ ಇದೇ.

ಈಗ ಕೋರೆಷನ ಸಿಲಿಂಡರ್. 1879ರಲ್ಲಿ ಹೊರ್ಮುಜ್ದ್ ರಸ್ಸಾಮ್ ಬಾಬೆಲಿನಲ್ಲಿ ತೆಗೆದದ್ದು. ಪೀಪಾಯಿಯಾಕಾರದ ಸುಟ್ಟ ಮಣ್ಣು, ಉದ್ದ 22.5 ಸೆಂ.ಮೀ. ಆಸುಪಾಸು, 45 ಸಾಲು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಮರ್ದುಕ್ ನ್ಯಾಯವಂತ ದೊರೆಗಾಗಿ ನಾಡುಗಳನ್ನೆಲ್ಲ ಹುಡುಕುತ್ತಾನೆ, ಕೋರೆಷನ ಕೈ ಹಿಡಿಯುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ. ಯೆಶಾಯ 45ರಲ್ಲಿ ಬಲಗೈ ಹಿಡಿದು ಹೆಸರೆತ್ತಿ ಕರೆಯುವವನು ಯೆಹೋವ. ಒಂದೇ ಬಗೆಯ ಆಸ್ಥಾನದ ನುಡಿ, ಎರಡು ಗುಡಿಗಳ ಬಾಯಲ್ಲಿ.

ಆದರೆ ಆ ಸಿಲಿಂಡರಿನಲ್ಲಿ ಯೆಹೂದ್ಯರ ಹೆಸರಿಲ್ಲ, ಜೆರುಸಲೇಮ್ ಇಲ್ಲ. ದೇವರುಗಳನ್ನು ಅವರವರ ಗುಡಿಗೆ ಮರಳಿಸಿದೆ, ಜನರನ್ನು ಕೂಡಿಸಿ ಊರಿಗೆ ಸೇರಿಸಿದೆ ಎಂದಿದ್ದರೂ ಹೆಸರಿಸಿದ ಊರುಗಳು ಅಶ್ಶುರ್, ಸೂಸ, ಅಕ್ಕದ್, ಎಶ್ನುನ್ನ ಮುಂತಾದ ಮೂಡಣದವು. ಯೆಹೂದ್ಯರ ಬಿಡುಗಡೆಗೆ ಇರುವ ಪಾಠ ಎಜ್ರ 1:2-4 ಮತ್ತು 6:3-5. ಎರಡನೆಯದು ಅರಾಮಿಕ್ ನುಡಿಯಲ್ಲಿದೆ, ಕಚೇರಿಯ ಕಡತದ ಧಾಟಿ: ಎತ್ತರ 60 ಮೊಳ, ಅಗಲ 60 ಮೊಳ, ಮೂರು ಸಾಲು ಕಲ್ಲಿಗೆ ಒಂದು ಸಾಲು ಮರ, ಖರ್ಚು ಅರಮನೆಯದು. ಸಿಲಿಂಡರಿನ ಧೋರಣೆ ಇದಕ್ಕೆ ಹೊಂದುತ್ತದೆ ಎನ್ನಬಹುದು, ಸಾಬೀತು ಮಾಡುತ್ತದೆ ಎನ್ನಲಾಗದು. 1971ರಲ್ಲಿ ಇರಾನಿನ ಶಾ ಅದ್ದೂರಿ ಉತ್ಸವ ಮಾಡಿ, ಇದರ ಪ್ರತಿಕೃತಿಯನ್ನು ವಿಶ್ವಸಂಸ್ಥೆಗೆ ಕೊಡಿಸಿ, ಮಾನವ ಹಕ್ಕುಗಳ ಮೊದಲ ಸನದು ಎಂದು ಪ್ರಚಾರ ಮಾಡಿಸಿದರು. ಅಂಥ ಹಕ್ಕುಗಳ ಮಾತು ಆ 45 ಸಾಲುಗಳಲ್ಲಿ ಎಲ್ಲೂ ಇಲ್ಲ. ಗೆದ್ದ ಊರಿನ ದೇವರ ಹೆಸರಲ್ಲಿ ಹೊಸ ದೊರೆ ಮಣ್ಣಿನಲ್ಲಿ ಬರೆಸಿ ಗೋಡೆಯ ಬುಡದಲ್ಲಿ ಹೂಳಿಸುವ ಬಾಬೆಲಿನ ಹಳೆಯ ಪದ್ಧತಿ ಅದು.

ತಾಳೆಗರಿ

ತುಂಬ ಉಪಕಾರ. ಮೂರೂ ಉತ್ತರಗಳನ್ನು ಬೈಬಲ್ ಎದುರಿಗಿಟ್ಟುಕೊಂಡೇ ಓದಿದೆ. ಉಳಿದದ್ದು: ಅಖೆನಾತೆನ್ ಮತ್ತು ಪರ್ಷಿಯದ ಹಳೆಯ ಧರ್ಮದ ಪ್ರವಾದಿ ಜರತುಷ್ಟ್ರ ಇಬ್ಬರನ್ನೂ ಯಾರೂ ಎತ್ತಲಿಲ್ಲ. ಮತ್ತೆ, ಸೆರೆವಾಸದ ನಂತರ ಎಲ್ಲ ಯೆಹೂದ್ಯರೂ ಒಬ್ಬನೇ ದೇವರೆಂದು ಒಪ್ಪಿಬಿಟ್ಟರೇ? ಟ್ರೂಮನ್ ಕೋರೆಷನಿಗೆ ಎಷ್ಟರ ಮಟ್ಟಿಗೆ ಹೊಂದುತ್ತಾರೆ?

ಹೀಬ್ರೂ_ಓದು

ಅಖೆನಾತೆನ್ ಆಳಿದ್ದು ಕ್ರಿ.ಪೂ. 14ನೇ ಶತಮಾನದ ನಡುಭಾಗದಲ್ಲಿ. ಈಜಿಪ್ಟಿನ ಹಿರಿಯ ದೇವರು ಆಮುನ್ ಹೆಸರನ್ನು ಕಲ್ಲುಗಳಿಂದ ಕೆತ್ತಿ ತೆಗೆಸಿದ, ಸೂರ್ಯಬಿಂಬ ಆತೆನ್ ಒಬ್ಬನನ್ನೇ ಉಳಿಸಿದ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಹಳೆಯ ಗುಡಿಗಳೆಲ್ಲ ತೆರೆದವು. ಸಿಗ್ಮಂಡ್ ಫ್ರಾಯ್ಡ್ 1939ರಲ್ಲಿ ಮೋಶೆಯನ್ನು ಅವನ ಅನುಯಾಯಿ ಮಾಡಿದ್ದರಿಂದ ಈ ವಾದ ಜನಪ್ರಿಯವಾಯಿತು. ತೊಡಕು ಕಾಲದ್ದು. ಅವನಿಗೂ ಯೆಶಾಯ 45ಕ್ಕೂ ಸುಮಾರು 800 ವರ್ಷ. ಆ ನಡುವೆ ಇಸ್ರಾಯೇಲ್ಯರ ನೆಲದಲ್ಲಿ ಸಿಗುವುದು ಅಶೇರಾ, ಬಾಳ್, ಮನೆಮನೆಯ ಮಣ್ಣಿನ ಹೆಣ್ಣುಗೊಂಬೆಗಳು. ಆತೆನ್ ಸ್ತೋತ್ರಕ್ಕೂ ಕೀರ್ತನೆ 104ಕ್ಕೂ ಹೋಲಿಕೆ ಇರುವುದು ನಿಜ: ರಾತ್ರಿ ಸಿಂಹಗಳು ಹೊರಬರುವುದು, ಬೆಳಗಾದರೆ ಜನ ಕೆಲಸಕ್ಕೆ ಹೋಗುವುದು. ಸ್ತೋತ್ರದ ಮಟ್ಟು ಕೈಯಿಂದ ಕೈಗೆ ದಾಟಿದ್ದೀತು, ಸಿದ್ಧಾಂತ ದಾಟಿದ ಗುರುತಿಲ್ಲ.

ಜರತುಷ್ಟ್ರನ ವಿಷಯ ಇನ್ನೂ ಸೂಕ್ಷ್ಮ. ಸೈತಾನ, ಸತ್ತವರು ಏಳುವುದು, ದೇವದೂತರ ಶ್ರೇಣಿ ಇವು ಪರ್ಷಿಯದ ಕಾಲದ ನಂತರ ಯೆಹೂದಿ ಬರಹಗಳಲ್ಲಿ ಬೆಳೆಯುತ್ತವೆ, ಅಲ್ಲಿ ಪ್ರಭಾವದ ಮಾತಿಗೆ ಎಡೆ ಉಂಟು. ಏಕದೇವತಾವಾದವೇ ಅಲ್ಲಿಂದ ಬಂತು ಎನ್ನುವುದು ಬೇರೆ. ಕೋರೆಷನ ಹೆಸರಿನ ಶಾಸನಗಳಲ್ಲಿ ಜರತುಷ್ಟ್ರನ ದೇವರು ಅಹುರಮಜ್ದನ ಹೆಸರು ಬರುವುದಿಲ್ಲ, ಅದು ಮುಂದಿನ ಪರ್ಷಿಯದ ದೊರೆ ದಾರ್ಯಾವೆಷನಿಂದ ಶುರು. ಯೆಶಾಯ 45:7 ಬೆಳಕನ್ನೂ ಕತ್ತಲನ್ನೂ ಉಂಟುಮಾಡುವವನು ನಾನೇ ಎನ್ನುತ್ತದೆ, ಒಳಿತು ಕೆಡುಕುಗಳಿಗೆ ಎರಡು ಮೂಲ ಎಂಬುದಕ್ಕೆ ನೇರ ಎದುರು.

ಎಲ್ಲರೂ ಒಪ್ಪಿದರೇ? ಇಲ್ಲ. ಈಜಿಪ್ಟಿನ ಅಸ್ವಾನ್ ಬಳಿ ನೈಲ್ ನಡುಗಡ್ಡೆ ಎಲಿಫಂಟೈನ್‌ನಲ್ಲಿ ಪರ್ಷಿಯದ ಸಂಬಳಕ್ಕಿದ್ದ ಯೆಹೂದಿ ಸೈನಿಕರು ಯಾಹು (ಯೆಹೋವನ ಇನ್ನೊಂದು ರೂಪದ ಹೆಸರು) ದೇವರಿಗೆ ಸ್ವಂತ ಗುಡಿ ಕಟ್ಟಿಕೊಂಡಿದ್ದರು, ಜೆರುಸಲೇಮ್ ಒಂದೇ ಎಂಬ ಧರ್ಮೋಪದೇಶಕಾಂಡದ ಕಟ್ಟಳೆಯನ್ನು ಲೆಕ್ಕಿಸದೆ. ಅವರ ಚಂದಾ ಪಟ್ಟಿಯೊಂದು ಉಳಿದಿದೆ. ತಲೆಗೆ 2 ಶೆಕೆಲ್ ಬೆಳ್ಳಿ. ಕೂಡಿದ ಹಣದಲ್ಲಿ ಯಾಹುವಿಗೆ 12 ಕರ್ಷಕ್ಕೆ ತುಸು ಮೇಲೆ, ಅನತ್-ಬೇತೇಲ್ ಎಂಬ ದೇವಿಗೆ 12 ಕರ್ಷ, ಎಶೆಮ್-ಬೇತೇಲನಿಗೆ 7 ಕರ್ಷ. ಕರ್ಷ ಅಂದರೆ 10 ಶೆಕೆಲ್. ಕ್ರಿ.ಪೂ. 410ರಲ್ಲಿ ನೆರೆಯ ಖ್ನೂಮ್ ದೇವರ ಅರ್ಚಕರ ಚಿತಾವಣೆಯಿಂದ ಆ ಗುಡಿ ನೆಲಸಮವಾಯಿತು. 407ರಲ್ಲಿ ಅವರು ಯೆಹೂದದ ಅಧಿಪತಿಗೆ ಮತ್ತೆ ಕಟ್ಟಲು ಅಪ್ಪಣೆ ಬೇಡಿ ಬರೆದರು. ಅಪ್ಪಣೆ ಬಂತು, ಆದರೆ ಧಾನ್ಯದ ನೈವೇದ್ಯ ಮತ್ತು ಧೂಪಕ್ಕೆ ಮಾತ್ರ, ಪ್ರಾಣಿಬಲಿಯ ಮಾತು ಉತ್ತರದಲ್ಲಿಲ್ಲ. ಯೆಶಾಯ 45 ಹಾಡಿ ನೂರು ವರ್ಷ ದಾಟಿದ ಮೇಲಿನ ಸಂಗತಿ ಇದು. ಸಿದ್ಧಾಂತ ಹುಟ್ಟಿದ ದಿನವೂ ಜನರ ಪೂಜೆ ಬದಲಾದ ದಿನವೂ ಒಂದೇ ಎಂದುಕೊಳ್ಳಬಾರದು.

ಕಲ್ಲಚ್ಚು

ಟ್ರೂಮನ್ ವಿಷಯ. ಪ್ಯಾಲೆಸ್ಟೀನಿನಲ್ಲಿ ಬ್ರಿಟಿಷರ ಅಧಿಕಾರ ಮುಗಿದದ್ದು ವಾಷಿಂಗ್ಟನ್ ಗಡಿಯಾರದಲ್ಲಿ 1948ರ ಮೇ 14ರ ಸಂಜೆ 6ಕ್ಕೆ. 11 ನಿಮಿಷದ ನಂತರ ಅಮೆರಿಕ ಮಾನ್ಯತೆ ಪ್ರಕಟಿಸಿತು. ಕರಡು ಬೆರಳಚ್ಚಾದಾಗ ಹೊಸ ರಾಷ್ಟ್ರದ ಹೆಸರು ಗೊತ್ತಿರಲಿಲ್ಲ. ‘ಯೆಹೂದಿ ರಾಷ್ಟ್ರ’ ಎಂದಿದ್ದುದನ್ನು ಹೊಡೆದು ‘ಇಸ್ರೇಲ್ ರಾಷ್ಟ್ರ’ ಎಂದು ಕೈಬರಹದಲ್ಲಿ ತಿದ್ದಿದ ಹಾಳೆ ಇಂದಿಗೂ ಇದೆ. ಎರಡು ದಿನ ಮೊದಲು, ಮೇ 12ರ ಸಭೆಯಲ್ಲಿ, ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಬಲವಾಗಿ ವಿರೋಧಿಸಿದ್ದರು. ಜೇಕಬ್‌ಸನ್ ಪಾತ್ರ ಇರುವುದು ಅದಕ್ಕೂ ಮುಂಚೆ, ಮಾರ್ಚ್ 13ರಂದು: ಯೆಹೂದಿ ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ನಾಯಕ ಚೈಮ್ ವೈಜ್ಮನ್‌ರನ್ನು ಭೇಟಿಯಾಗಲು ಒಲ್ಲೆನೆಂದಿದ್ದ ಟ್ರೂಮನ್‌ರನ್ನು ಅವರು ಒಪ್ಪಿಸಿದರು. ಇಬ್ಬರೂ ಹಿಂದೊಮ್ಮೆ ಕಾನ್ಸಾಸ್ ಸಿಟಿಯಲ್ಲಿ ಬಟ್ಟೆಯಂಗಡಿಯ ಪಾಲುದಾರರು.

ಮೇ 14ರ ಮಾನ್ಯತೆ ವಾಸ್ತವಿಕ ಮಾನ್ಯತೆ ಮಾತ್ರ. ಪೂರ್ಣ ಕಾನೂನು ಮಾನ್ಯತೆ 1949ರ ಜನವರಿ 31ರದು. ಮೇ 17ರಂದೇ ಅದನ್ನು ಕೊಟ್ಟ ಸೋವಿಯೆತ್ ಒಕ್ಕೂಟವನ್ನು ಯಾರೂ ಕೋರೆಷ ಎಂದು ಕರೆಯುವುದಿಲ್ಲ. ಅಮೆರಿಕ 1947ರ ಡಿಸೆಂಬರಿನಲ್ಲಿ ಹಾಕಿದ ಶಸ್ತ್ರಾಸ್ತ್ರ ನಿಷೇಧ ಯುದ್ಧದ ಉದ್ದಕ್ಕೂ ಇತ್ತು. ಎಜ್ರ 6ರ ಕೋರೆಷ ಗುಡಿಯ ಖರ್ಚನ್ನೇ ಅರಮನೆಯಿಂದ ಕೊಟ್ಟವನು, ನೆಲವೂ ಅವನದೇ ಸಾಮ್ರಾಜ್ಯದ್ದು. ಟ್ರೂಮನ್ ಕೈಯಲ್ಲಿದ್ದದ್ದು ಸಹಿ. ಹೋಲಿಕೆ ಮರೆಸುವ ಇನ್ನೊಂದು ಸಂಗತಿ: 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ನಾಡಿನಲ್ಲೇ ಇದ್ದವರ ಗತಿಯೇನು ಎಂಬ ಪ್ರಶ್ನೆ ಎಜ್ರನ ಪುಸ್ತಕದಲ್ಲೂ ಇದೆ. 4:1-3ರಲ್ಲಿ ಅಲ್ಲಿನ ಜನ ನಾವೂ ಜೊತೆಗೂಡಿ ಕಟ್ಟುತ್ತೇವೆ ಎಂದು ಬರುತ್ತಾರೆ, ಮರಳಿ ಬಂದವರು ಒಲ್ಲೆವೆನ್ನುತ್ತಾರೆ.

ಆದರೂ ಆ ಹೋಲಿಕೆ ಬೇರುಬಿಟ್ಟಿದೆ. 2018ರ ಮಾರ್ಚಿನಲ್ಲಿ ಶ್ವೇತಭವನದಲ್ಲಿ ಆಗಿನ ಇಸ್ರೇಲ್ ಪ್ರಧಾನಿ ನೆತನ್ಯಾಹು ಕೋರೆಷ, ಬಾಲ್ಫರ್ (1917ರಲ್ಲಿ ಯೆಹೂದಿ ನೆಲೆಗೆ ಬೆಂಬಲ ಘೋಷಿಸಿದ ಬ್ರಿಟಿಷ್ ಸಚಿವ), ಟ್ರೂಮನ್, ಟ್ರಂಪ್ ಎಂದು ಸಾಲು ಕಟ್ಟಿದರು. ಅದೇ ವರ್ಷ ಮೇ 14ರಂದು, ಟ್ರೂಮನ್ ಮಾನ್ಯತೆಗೆ ಸರಿಯಾಗಿ 70 ವರ್ಷಕ್ಕೆ, ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ತೆರೆಯಿತು. ಟ್ರಂಪ್ ಬೆಂಬಲಿಗ ಕ್ರೈಸ್ತರಿಗೆ ಕೋರೆಷ ಒದಗಿಬಂದದ್ದು ಇನ್ನೊಂದು ಕಾರಣಕ್ಕೆ: ಭಕ್ತನಲ್ಲದವನನ್ನೂ ದೇವರು ಬಳಸುತ್ತಾನೆ ಎಂಬ ವಾದ. 45:4ರಲ್ಲಿ ‘ನೀನು ನನ್ನನ್ನು ಅರಿಯದವನಾಗಿದ್ದರೂ’ ಎಂದಿರುವುದು ನಿಜ. ಆದರೆ ಆ ಹಾಡಿನಲ್ಲಿ ಕೋರೆಷ ಒಂದು ಮಾತೂ ಆಡುವುದಿಲ್ಲ. ಅವನನ್ನು ಗುರುತಿಸುವ ಹಕ್ಕು ಸೆರೆಯಲ್ಲಿದ್ದ ಪ್ರವಾದಿಯದು. ‘ನಾನೇ ಕೋರೆಷ’ ಎಂದು ತಾನೇ ಹೇಳಿಕೊಂಡಾಗ ವಾಕ್ಯ ತಿರುವುಮುರುವಾಗುತ್ತದೆ, ಟ್ರೂಮನ್ ಬೈಬಲನ್ನು ಚೆನ್ನಾಗಿ ಓದಿಕೊಂಡವರಾಗಿದ್ದರೂ.

ತಾಳೆಗರಿ

ಕೊನೆಯದಾಗಿ ಒಂದು ಚಿಕ್ಕದು. ‘ಸೈರಸ್’ ಮತ್ತು ‘ಕೋರೆಷ’ ಒಬ್ಬನೇ ಎಂಬುದು ಗೊತ್ತಿಲ್ಲದೆ ಕನ್ನಡ ಬೈಬಲಿನಲ್ಲಿ ತುಂಬ ಹೊತ್ತು ಸೈರಸ್ ಹೆಸರು ಹುಡುಕುವವರಿದ್ದಾರೆ. ಈ ವ್ಯತ್ಯಾಸ ಹೇಗೆ ಬಂತು?

ಮಣ್ಣಹಲಗೆ

ಹಳೆಯ ಪರ್ಷಿಯನ್‌ನಲ್ಲಿ ಕೂರುಶ್. ಹೀಬ್ರೂ ಅದನ್ನು ಕೋರೆಷ್ ಎಂದು ಬರೆದುಕೊಂಡಿತು, ಕನ್ನಡ ಬೈಬಲ್ ಹೀಬ್ರೂ ರೂಪವನ್ನೇ ಉಳಿಸಿಕೊಂಡಿದೆ. ಗ್ರೀಕರು ಕೂರೊಸ್ ಎಂದರು, ಲ್ಯಾಟಿನ್‌ನಲ್ಲಿ ಅದು ಸಿ ಅಕ್ಷರದಿಂದ ಶುರುವಾಯಿತು, ಇಂಗ್ಲಿಷಿನ ಬಾಯಲ್ಲಿ ಸೈರಸ್ ಆಯಿತು. ಹುಡುಕುವಾಗ ಎರಡು ಪೂರ್ವಕಾಲವೃತ್ತಾಂತ 36:22-23ನ್ನೂ ಸೇರಿಸಿಕೊಳ್ಳಿ. ಅಚ್ಚಾದ ಹೀಬ್ರೂ ಬೈಬಲಿನಲ್ಲಿ ಕಟ್ಟಕಡೆಯ ಪುಸ್ತಕ ಅದೇ, ಕಟ್ಟಕಡೆಯ ವಚನ ಕೋರೆಷನ ಅಪ್ಪಣೆ. ಅದು ‘ಹೋಗಲಿ’ ಎಂಬ ಕ್ರಿಯಾಪದಕ್ಕೆ ನಿಂತುಬಿಡುತ್ತದೆ. ಎಲ್ಲಿಗೆ ಎಂಬ ಉಳಿದ ಭಾಗ ಎಜ್ರ 1:3ರಲ್ಲಿದೆ.